ಬಯಾಪ್ಸಿ: ಚೂರು ತೆಗೆಯುವಲ್ಲಿಂದ ರಿಪೋರ್ಟ್ ಓದುವವರೆಗೆ

ಬಾಯಿ ಸಣ್ಣದಾದ ಒಂದು ಪ್ಲಾಸ್ಟಿಕ್ ಬಾಟಲಿ. ಒಳಗೆ ಫಾರ್ಮಾಲಿನ್, ಅಂದರೆ ಚೂರು ಕೆಡದಂತೆ ಇಡುವ ದ್ರಾವಣ. ಅದರಲ್ಲಿ ಹೆಬ್ಬೆರಳ ಗಾತ್ರದ ಒಂದು ಗಂಟು. ಹಾಕುವಾಗ ಮೆತ್ತಗಿತ್ತು, ಸುಲಭವಾಗಿ ಜಾರಿ ಒಳಗೆ ಹೋಗಿದೆ. ಒಂದು ರಾತ್ರಿ ಕಳೆಯುವಷ್ಟರಲ್ಲಿ ಫಾರ್ಮಾಲಿನ್ ಅದನ್ನು ಬೆಂದ ಮೊಟ್ಟೆಯ ಹಾಗೆ ಗಟ್ಟಿ ಮಾಡಿದೆ. ಈಗ ಏನು ಮಾಡಿದರೂ ಹೊರಗೆ ಬರುತ್ತಿಲ್ಲ. ನಾನು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಎದುರಾದ ತಲೆನೋವು ಇದು. ಕೊನೆಗೆ ಬಾಟಲಿಯನ್ನೇ ಕತ್ತರಿಸಿ ತೆಗೆದೆವು. ಎಳೆದು ತೆಗೆದಿದ್ದರೆ ಗಂಟಿನ ಅಂಚು ಹರಿದುಹೋಗುತ್ತಿತ್ತು. ಡಾಕ್ಟರಿಗೆ ಮುಖ್ಯವಾಗಿ ಬೇಕಿದ್ದದ್ದೇ ಆ ಅಂಚು.

ಬಯಾಪ್ಸಿ ಅಂದ ಕೂಡಲೇ ಎಲ್ಲರ ಗಮನ ಮೈಕ್ರೋಸ್ಕೋಪಿನ ಮೇಲೆ ಹೋಗುತ್ತದೆ. ಆದರೆ ರಿಪೋರ್ಟ್ ಕೆಡುವುದು ಅಲ್ಲಿ ಕಡಿಮೆ. ಕೆಡುವುದು ಜಾಸ್ತಿ ಅದಕ್ಕೂ ಮೊದಲು. ಯಾವ ಬಾಟಲಿಗೆ ಹಾಕಿದರು, ಎಷ್ಟು ಹೊತ್ತಿಗೆ ಹಾಕಿದರು, ಜೊತೆಗಿದ್ದ ಕಾಗದದಲ್ಲಿ ಏನು ಬರೆದರು ಎಂಬಲ್ಲಿ. ಹಾಗಾಗಿ ಈ ಲೇಖನದಲ್ಲಿ ಆ ಮೊದಲಿನ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ನೀವು ರೋಗಿಯಾಗಿರಿ, ಮನೆಯವರಾಗಿರಿ, ನರ್ಸಿಂಗ್ ಅಥವಾ ಲ್ಯಾಬ್ ಕೋರ್ಸ್ ಓದುತ್ತಿರಿ, ಈ ದಾರಿ ಗೊತ್ತಿದ್ದರೆ ಎಲ್ಲಿ ಏನು ಕೇಳಬೇಕು ಎಂದು ತಿಳಿಯುತ್ತದೆ.

ಮೊದಲು: ಇದು ಯಾಕೆ ಬೇಕು?

ದೇಹದಿಂದ ಒಂದು ಚೂರು ತೆಗೆದು, ಅದರ ಜೀವಕೋಶಗಳನ್ನು ನೋಡಿ ಕಾಯಿಲೆ ಏನೆಂದು ಹೇಳುವುದೇ ಬಯಾಪ್ಸಿ. ಈ ಹೆಸರನ್ನು ಬಳಕೆಗೆ ತಂದವರು ಫ್ರಾನ್ಸಿನ ಚರ್ಮವೈದ್ಯ ಅರ್ನೆಸ್ಟ್ ಬೆನಿಯೆ, 1879ರಲ್ಲಿ. ಗ್ರೀಕ್ ಭಾಷೆಯ ‘ಜೀವ’ ಮತ್ತು ‘ನೋಟ’ ಎಂಬ ಎರಡು ಪದ ಸೇರಿಸಿ ಮಾಡಿದ ಹೆಸರು. ಸತ್ತ ಮೇಲೆ ದೇಹ ತೆರೆದು ನೋಡುವುದು ಆಗಲೇ ಇತ್ತು. ಇದು ಬದುಕಿರುವಾಗ ನೋಡುವುದು.

ಸ್ಕ್ಯಾನ್ ‘ಇಲ್ಲೊಂದು ಗಂಟಿದೆ, ಇಷ್ಟು ದೊಡ್ಡದಿದೆ’ ಎನ್ನುತ್ತದೆ. ಅದು ನೋಡಲು ಹೇಗಿದೆ ಎಂಬುದರ ಮೇಲೆ ಒಂದು ಅಂದಾಜನ್ನೂ ಕೊಡುತ್ತದೆ. ಆದರೆ ಆ ಗಂಟು ಯಾವ ಜೀವಕೋಶದ್ದು ಎಂದು ಖಚಿತವಾಗಿ ಹೇಳಲು ಹೆಚ್ಚಿನ ಸಲ ಚೂರೇ ಬೇಕು. ಇನ್ನೊಂದು ಮಾತು. ಬಯಾಪ್ಸಿ ಬರೆದರು ಅಂದರೆ ಕ್ಯಾನ್ಸರ್ ಅಂತಲೇ ಅರ್ಥವಲ್ಲ. ಕ್ಷಯ, ಮೂತ್ರಪಿಂಡದ ಉರಿಯೂತ, ಲಿವರ್ ಕಾಯಿಲೆ, ಗುಣವಾಗದ ಚರ್ಮದ ಕಲೆ, ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸುತ್ತಿದೆಯೇ ಎಂಬ ಅನುಮಾನ, ಇವೆಲ್ಲಕ್ಕೂ ಬಯಾಪ್ಸಿ ಮಾಡುತ್ತಾರೆ.

ಹೆಜ್ಜೆ 1: ಯಾವ ಬಗೆಯದು ಎಂದು ಕೇಳಿ

‘ಸೂಜಿ ಹಾಕಿ ನೋಡೋಣ’ ಎನ್ನುವುದರಲ್ಲೇ ಎರಡು ಬೇರೆ ಪರೀಕ್ಷೆಗಳಿವೆ. ಜನ ಇವನ್ನು ಕಲಸಿಬಿಡುತ್ತಾರೆ.

ಒಂದು ಎಫ್‌ಎನ್‌ಎಸಿ, ಅಂದರೆ ಸಣ್ಣ ಸೂಜಿಯಿಂದ ಜೀವಕೋಶ ಹೀರಿ ನೋಡುವುದು. ರಕ್ತ ತೆಗೆಯುವ ಸೂಜಿಯಷ್ಟೇ ಅಥವಾ ಅದಕ್ಕಿಂತ ಸಣ್ಣ ಸೂಜಿ, ಸಾಮಾನ್ಯವಾಗಿ 22ರಿಂದ 25 ಗೇಜ್. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ಸಣ್ಣ. ಇದರಲ್ಲಿ ಬರುವುದು ಬಿಡಿ ಜೀವಕೋಶಗಳು. ಅವನ್ನು ಗಾಜಿನ ಸ್ಲೈಡ್ ಮೇಲೆ ಸವರಿ ನೋಡುತ್ತಾರೆ. ಇನ್ನೊಂದು ಕೋರ್ ಬಯಾಪ್ಸಿ. ಸೂಜಿ ದಪ್ಪ, 14ರಿಂದ 18 ಗೇಜ್. ಇದರಲ್ಲಿ ದಾರದ ತುಂಡಿನ ಹಾಗೆ ಅಂಗಾಂಶದ ಎಳೆಯೇ ಬರುತ್ತದೆ.

ವ್ಯತ್ಯಾಸ ದೊಡ್ಡದು. ಎಫ್‌ಎನ್‌ಎಸಿ ಅಂದರೆ ಹಾರ ಬಿಚ್ಚಿ ಮಣಿಗಳನ್ನು ಮಾತ್ರ ಕೈಗೆ ಕೊಟ್ಟ ಹಾಗೆ. ಮಣಿ ಎಂಥವು ಅಂತ ಗೊತ್ತಾಗುತ್ತದೆ. ಹೇಗೆ ಪೋಣಿಸಿದ್ದರು ಅಂತ ಗೊತ್ತಾಗುವುದಿಲ್ಲ. ಥೈರಾಯ್ಡ್ ಗಂಟನ್ನೇ ತೆಗೆದುಕೊಳ್ಳಿ. ಅಲ್ಲಿ ಫಾಲಿಕ್ಯುಲರ್ ಎಂಬ ಒಂದು ಬಗೆಯ ಗಡ್ಡೆ ಇದೆ. ಅದು ನಿರಪಾಯಕಾರಿಯೋ ಕ್ಯಾನ್ಸರೋ ಎಂದು ಹೇಳಲು, ಅದು ತನ್ನ ಸುತ್ತಲಿನ ಪೊರೆಯನ್ನೋ ರಕ್ತನಾಳವನ್ನೋ ಸೀಳಿ ಒಳಹೊಕ್ಕಿದೆಯೇ ಎಂದು ನೋಡಬೇಕು. ಬಿಡಿ ಜೀವಕೋಶದಲ್ಲಿ ಪೊರೆ ಎಲ್ಲಿಂದ ಬರಬೇಕು? ಅದಕ್ಕೇ ಅಂಥ ಕಡೆ ಎಫ್‌ಎನ್‌ಎಸಿ ರಿಪೋರ್ಟ್ ‘ಅನುಮಾನ’ ಎಂದಷ್ಟೇ ಹೇಳಿ ನಿಲ್ಲುತ್ತದೆ. ಅದು ರಿಪೋರ್ಟ್ ಬರೆಯುವ ಡಾಕ್ಟರ, ಅಂದರೆ ಪೆಥಾಲಜಿಸ್ಟರ ಕೈಲಾಗದತನ ಅಲ್ಲ, ಪರೀಕ್ಷೆಯ ಮಿತಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಪಂಚ್ ಬಯಾಪ್ಸಿಯಲ್ಲಿ ಚರ್ಮದಿಂದ 3–4 ಮಿಲಿಮೀಟರ್ ಅಗಲದ ದುಂಡನೆಯ ಚೂರು ತೆಗೆಯುತ್ತಾರೆ. ಎಂಡೋಸ್ಕೋಪಿಯಲ್ಲಿ ಸಣ್ಣ ಇಕ್ಕಳದಿಂದ ಜಠರ, ಕರುಳಿನ ಒಳಪದರವನ್ನು ಚಿವುಟುತ್ತಾರೆ. ಇನ್ಸಿಷನಲ್ ಅಂದರೆ ಗಡ್ಡೆಯ ಒಂದು ಭಾಗ, ಎಕ್ಸಿಷನಲ್ ಅಂದರೆ ಇಡೀ ಗಡ್ಡೆ. ದುಗ್ಧಗ್ರಂಥಿಯಲ್ಲಿ ಲಿಂಫೋಮಾ ಎಂಬ ಕ್ಯಾನ್ಸರಿನ ಅನುಮಾನ ಇದ್ದರೆ ಆದಷ್ಟು ಇಡೀ ಗ್ರಂಥಿಯನ್ನೇ ತೆಗೆಯಲು ನೋಡುತ್ತಾರೆ. ಅಲ್ಲಿ ಜೋಡಣೆಯೇ ಮುಖ್ಯ.

ಹೆಜ್ಜೆ 2: ಹೋಗುವ ಮೊದಲು ಇವನ್ನು ಹೇಳಿ

ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮುಂತಾದ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕೇಳದಿದ್ದರೂ ಹೇಳಿ. ಆದರೆ ನೀವೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಸುಮ್ನೆ ಮಾತ್ರೆ ಬಿಟ್ಟರೆ, ಬಯಾಪ್ಸಿಯ ರಕ್ತಸ್ರಾವಕ್ಕಿಂತ ದೊಡ್ಡ ಅಪಾಯವನ್ನು ಮೈಮೇಲೆ ಎಳೆದುಕೊಂಡ ಹಾಗೆ. ಯಾವುದನ್ನು ನಿಲ್ಲಿಸಬೇಕು, ಎಷ್ಟು ದಿನ, ಅಥವಾ ನಿಲ್ಲಿಸುವುದೇ ಬೇಡವೇ ಎಂದು ಡಾಕ್ಟರು ಹೇಳಲಿ. ಮರಗಟ್ಟಿಸುವ ಇಂಜೆಕ್ಷನ್ನಿಗೆ ಹಿಂದೆ ಅಲರ್ಜಿ ಆಗಿದ್ದರೆ ಅದನ್ನೂ ಹೇಳಿ.

ಕೆಲವು ಔಷಧಿ, ಕೆಲವು ಪಥ್ಯ ರಿಪೋರ್ಟನ್ನೇ ಮಂಕು ಮಾಡುತ್ತವೆ. ಇದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಜಠರದಲ್ಲಿ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಹುಡುಕುವಾಗ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಬಗೆಯ ಮಾತ್ರೆಯನ್ನು ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಇಲ್ಲವಾದರೆ ಬ್ಯಾಕ್ಟೀರಿಯಾ ಇದ್ದೂ ಕಣ್ಣಿಗೆ ಬೀಳದೆ ಹೋಗಬಹುದು. ಗೋಧಿ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ಅನುಮಾನಕ್ಕೆ ಸಣ್ಣ ಕರುಳಿನ ಬಯಾಪ್ಸಿ ಮಾಡಿಸುವವರು ಪರೀಕ್ಷೆ ಮುಗಿಯುವವರೆಗೆ ಗೋಧಿ ತಿನ್ನುವುದನ್ನು ಬಿಡಬಾರದು. ಬಿಟ್ಟರೆ ಕರುಳಿನ ಒಳಪದರ ಚೇತರಿಸಿಕೊಳ್ಳುತ್ತದೆ, ಕಾಯಿಲೆ ಅಡಗಿಕೊಳ್ಳುತ್ತದೆ. ಲಿಂಫೋಮಾ ಅನುಮಾನದಲ್ಲಿ ಬಯಾಪ್ಸಿಗೆ ಮೊದಲೇ ಸ್ಟೀರಾಯ್ಡ್ ಶುರುಮಾಡಿದ್ದರೂ ಹೀಗೇ ಆಗಬಹುದು.

ಇನ್ನು ‘ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಮಾತು. ಸೂಜಿ ಹೋದ ದಾರಿಯಲ್ಲಿ ಜೀವಕೋಶ ಉಳಿದು ಬೆಳೆಯುವುದು ಸುಳ್ಳಲ್ಲ, ಆದರೆ ಅಪರೂಪ. ಡಾಕ್ಟರುಗಳಿಗೂ ಇದು ಗೊತ್ತು. ಮೂಳೆಯ ಗಡ್ಡೆಯಲ್ಲಿ, ಮುಂದೆ ಆಪರೇಷನ್ ಮಾಡುವಾಗ ಸೂಜಿ ಹೋದ ದಾರಿಯನ್ನೂ ಸೇರಿಸಿ ತೆಗೆಯುವ ಹಾಗೆ ಮೊದಲೇ ಲೆಕ್ಕ ಹಾಕುತ್ತಾರೆ. ವೃಷಣದ ಗಡ್ಡೆಗೆ ಸಾಮಾನ್ಯವಾಗಿ ಸೂಜಿಯನ್ನೇ ಹಾಕುವುದಿಲ್ಲ. ತೊಡೆಸಂದಿಯ ಕಡೆಯಿಂದ ಇಡೀ ವೃಷಣವನ್ನೇ ತೆಗೆದು ಪರೀಕ್ಷಿಸುತ್ತಾರೆ. ಅಂದರೆ ಅಪಾಯ ಇರುವ ಕಡೆ ದಾರಿಯನ್ನೇ ಬದಲಿಸಿದ್ದಾರೆ. ಹೆದರಿ ಬಯಾಪ್ಸಿಯನ್ನೇ ಮುಂದೂಡಿದರೆ ಆಗುವ ನಷ್ಟವೇ ದೊಡ್ಡದು.

ಹೆಜ್ಜೆ 3: ಚೂರು ತೆಗೆಯುವಾಗ

ಇದು ಡಾಕ್ಟರ ಕೆಲಸ, ಒಂದೆರಡು ಮಾತು ಸಾಕು. ಹುಣ್ಣಿದ್ದರೆ ಅದರ ನಡುವಿನಿಂದಲ್ಲ, ಅಂಚಿನಿಂದ ತೆಗೆಯಬೇಕು. ನಡುವೆ ಇರುವುದು ಹೆಚ್ಚಾಗಿ ಸತ್ತ ಜೀವಕೋಶ ಮತ್ತು ಕೀವು. ಇಕ್ಕಳದಲ್ಲಿ ಬಿಗಿಯಾಗಿ ಹಿಂಡಿದರೆ ಜೀವಕೋಶಗಳು ಜಜ್ಜಿಹೋಗಿ ನೀಲಿ ಗೆರೆಗಳಾಗಿ ಕಾಣುತ್ತವೆ. ಅಂಥದ್ದನ್ನು ಎಷ್ಟು ಹೊತ್ತು ನೋಡಿದರೂ ಉಪಯೋಗವಿಲ್ಲ. ಒಂದೇ ಚೂರು ಸಾಕಾಗದ ಜಾಗಗಳೂ ಇವೆ. ಪ್ರಾಸ್ಟೇಟ್ ಬಯಾಪ್ಸಿಯಲ್ಲಿ 10–12 ಎಳೆ ತೆಗೆಯುವುದು ರೂಢಿ. ‘ಅಷ್ಟೊಂದು ಯಾಕೆ ಚುಚ್ಚಿದರು’ ಎಂದು ಬೇಸರ ಮಾಡಿಕೊಳ್ಳಬೇಡಿ. ಕಾಯಿಲೆ ಒಂದು ಮೂಲೆಯಲ್ಲಿ ಅಡಗಿರಬಹುದು, ಅಲ್ವಾ?

ಹೆಜ್ಜೆ 4: ಬಾಟಲಿ

ದೇಹದಿಂದ ಹೊರಬಂದ ಕ್ಷಣದಿಂದಲೇ ಚೂರು ಕೆಡಲು ಶುರು. ರಕ್ತ ನಿಂತ ಜೀವಕೋಶ ತನ್ನೊಳಗಿನ ಕಿಣ್ವಗಳಿಂದಲೇ ತನ್ನನ್ನು ಕರಗಿಸಿಕೊಳ್ಳುತ್ತದೆ. ಅದನ್ನು ಇದ್ದ ಹಾಗೇ ಹಿಡಿದು ನಿಲ್ಲಿಸುವುದು ಫಾರ್ಮಾಲಿನ್. ಪ್ರೊಟೀನುಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. 1893ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ಲುಮ್ ಇದರ ಈ ಗುಣವನ್ನು ಗುರುತಿಸಿದರು. ಅವರ ಬೆರಳಿನ ಚರ್ಮವೇ ಗಟ್ಟಿಯಾದದ್ದು ಮೊದಲ ಸುಳಿವು. ಇವತ್ತಿಗೂ ಇದನ್ನು ಮೀರಿಸಿದ್ದು ಬಂದಿಲ್ಲ.

ಲ್ಯಾಬಿನಲ್ಲಿ ಬಳಸುವುದು ಶೇ. 10ರ ಫಾರ್ಮಾಲಿನ್. ಹೊಸಬರು ಇಲ್ಲಿ ಎಡವುತ್ತಾರೆ. ಅಂಗಡಿಯಿಂದ ಬರುವ ಗಟ್ಟಿ ದ್ರಾವಣದಲ್ಲಿ ಫಾರ್ಮಾಲ್ಡಿಹೈಡ್ ಇರುವುದು ಶೇ. 37ರಿಂದ 40ರಷ್ಟು. ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿದರೆ ಶೇ. 10ರ ಫಾರ್ಮಾಲಿನ್. ಅಂದರೆ ಅದರಲ್ಲಿ ನಿಜಕ್ಕೂ ಇರುವ ಫಾರ್ಮಾಲ್ಡಿಹೈಡ್ ಸುಮಾರು ಶೇ. 4 ಮಾತ್ರ. ಆಮ್ಲ ಏರದಂತೆ ಬಫರ್ ಲವಣ ಸೇರಿಸಿದ ನೀರನ್ನೇ ಬಳಸಬೇಕು.

ಎಷ್ಟು ಹಾಕಬೇಕು? ಚೂರಿನ ಗಾತ್ರಕ್ಕಿಂತ ಕಡಿಮೆ ಅಂದರೂ 10 ಪಟ್ಟು, ಸಾಧ್ಯವಾದರೆ 20 ಪಟ್ಟು. ಚೂರು ಪೂರ್ತಿ ಮುಳುಗಿರಬೇಕು. ಬಾಟಲಿಯ ಬಾಯಿ ಅಗಲ ಇರಬೇಕು, ಯಾಕೆ ಎಂದು ಮೊದಲೇ ಹೇಳಿದ್ದೇನೆ. ಫಾರ್ಮಾಲಿನ್ ಒಳಗಿಳಿಯುವುದು ಬಹಳ ನಿಧಾನ, ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ಇಡೀ ಸ್ತನವನ್ನೋ ಗರ್ಭಕೋಶವನ್ನೋ ಹಾಗೇ ಬಕೆಟ್ಟಿನಲ್ಲಿ ಮುಳುಗಿಸಿಟ್ಟರೆ ಹೊರಗೆ ಗಟ್ಟಿ, ಒಳಗೆ ಕೊಳೆತ. ಅದಕ್ಕೆ ದೊಡ್ಡ ಅಂಗವನ್ನು ಬೇಗ ಲ್ಯಾಬಿಗೆ ತಂದು ಸೀಳು ಹಾಕಿ ಒಳಗೂ ಫಾರ್ಮಾಲಿನ್ ತಲುಪಿಸಬೇಕು. ಸ್ತನ ಕ್ಯಾನ್ಸರಿನಲ್ಲಿ ಇದಕ್ಕೆ ಗಡಿಯಾರದ ಲೆಕ್ಕವೇ ಇದೆ: ಒಂದು ಗಂಟೆಯೊಳಗೆ ಫಾರ್ಮಾಲಿನ್ನಿಗೆ, ಅಲ್ಲಿ 6ರಿಂದ 72 ಗಂಟೆ. ಇದು ತಪ್ಪಿದರೆ, ಹಾರ್ಮೋನ್ ತಡೆಯುವ ಮಾತ್ರೆ ಕೆಲಸ ಮಾಡೀತೇ ಎಂದು ಹೇಳುವ ಹಾರ್ಮೋನ್ ರಿಸೆಪ್ಟರ್ ಪರೀಕ್ಷೆ ಸುಳ್ಳು ನೆಗೆಟಿವ್ ತೋರಿಸಬಹುದು. ರೋಗಿಗೆ ಸಿಗಬೇಕಾದ ಮಾತ್ರೆ ತಪ್ಪಿಹೋಗಬಹುದು.

ಕೆಡದಿರಲಿ ಅಂತ ಫ್ರೀಜರಿನಲ್ಲಿ ಇಡುವವರಿದ್ದಾರೆ. ಬೇಡ. ಒಳಗಿನ ನೀರು ಮಂಜುಹರಳಾಗಿ ಜೀವಕೋಶವನ್ನು ಸೀಳುತ್ತದೆ. ಫಾರ್ಮಾಲಿನ್ನಿನಲ್ಲಿ ಹಾಕಿದ ಚೂರು ಸಾಮಾನ್ಯ ತಾಪದಲ್ಲೇ ಚೆನ್ನಾಗಿರುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿಡುವುದೂ ಬೇಡ, ಬಟ್ಟೆ ನೀರು ಹೀರಿ ಚೂರನ್ನು ಒಣಗಿಸುತ್ತದೆ.

ಇಷ್ಟೆಲ್ಲಾ ಹೇಳಿದ ಮೇಲೆ ಒಂದು ಎಚ್ಚರಿಕೆ: ಎಲ್ಲವನ್ನೂ ಫಾರ್ಮಾಲಿನ್ನಿಗೆ ಹಾಕುವಂತಿಲ್ಲ. ಕ್ಷಯದ ಅನುಮಾನದಲ್ಲಿ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಬೇಕಾದರೆ ಒಂದು ಚೂರನ್ನು ಬೇರೆಯಾಗಿ, ಸ್ಟೆರೈಲ್ ಸಲೈನಿನಲ್ಲಿ ಕಳಿಸಬೇಕು. ಫಾರ್ಮಾಲಿನ್ ಬ್ಯಾಕ್ಟೀರಿಯಾವನ್ನು ಕೊಂದುಬಿಡುತ್ತದೆ, ಸತ್ತದ್ದು ಬೆಳೆಯುವುದಿಲ್ಲ. ಮೂತ್ರಪಿಂಡದ ಬಯಾಪ್ಸಿಯನ್ನು ಮೂರು ಪಾಲು ಮಾಡುತ್ತಾರೆ: ಒಂದು ಫಾರ್ಮಾಲಿನ್ನಿಗೆ, ಒಂದು ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆಯ ಬೇರೆ ದ್ರಾವಣಕ್ಕೆ, ಒಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗಾಗಿ ಗ್ಲುಟರಾಲ್ಡಿಹೈಡಿಗೆ. ಸಂದೇಹ ಇದ್ದರೆ ಚೂರು ತೆಗೆಯುವ ಮೊದಲೇ ಲ್ಯಾಬಿಗೆ ಒಂದು ಫೋನ್ ಮಾಡಿ ಕೇಳುವುದು ಒಳ್ಳೆಯದು. ಒಮ್ಮೆ ಫಾರ್ಮಾಲಿನ್ನಿಗೆ ಬಿದ್ದದ್ದನ್ನು ವಾಪಸ್ ತಾಜಾ ಮಾಡಲಾಗದು.

ಬಾಟಲಿಯನ್ನು ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುವುದುಂಟು. ಹಾಗಾದರೆ ಹೊರಡುವ ಮೊದಲೇ ನೋಡಿಕೊಳ್ಳಿ. ಹೆಸರು ಮುಚ್ಚಳದ ಮೇಲಲ್ಲ, ಬಾಟಲಿಯ ಮೈಮೇಲೆ ಇರಬೇಕು. ಮುಚ್ಚಳ ತೆಗೆದಿಟ್ಟಾಗ ಅದಲುಬದಲಾಗುತ್ತದೆ. ಹೆಸರಿನ ಜೊತೆ ಆಸ್ಪತ್ರೆಯ ನಂಬರ್, ಯಾವ ಜಾಗ, ಎಡವೋ ಬಲವೋ, ಎಷ್ಟು ಹೊತ್ತಿಗೆ ತೆಗೆದದ್ದು ಎಂಬುದೂ ಇರಲಿ. ಎರಡು ಜಾಗದಿಂದ ತೆಗೆದಿದ್ದರೆ ಎರಡು ಬಾಟಲಿ. ನೆಟ್ಟಗೆ ಹಿಡಿದು ಹೋಗಿ. ಕುತೂಹಲಕ್ಕೆ ತೆರೆದು ಮೂಸಬೇಡಿ. ಕಣ್ಣು, ಮೂಗು ಉರಿಯುತ್ತದೆ. ಅಷ್ಟೇ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕೈಗೆ ಚೆಲ್ಲಿದರೆ ಧಾರಾಳ ನೀರಿನಲ್ಲಿ ತೊಳೆಯಿರಿ.

ಹೆಜ್ಜೆ 5: ಜೊತೆಗಿರುವ ಕಾಗದ

‘ಬಯಾಪ್ಸಿಗೆ’ ಎಂದಷ್ಟೇ ಬರೆದ ಚೀಟಿಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ. ಚೂರು ತಾನೇ ಮಾತಾಡುತ್ತದೆ ಎಂದು ಜನ ತಿಳಿದಿದ್ದಾರೆ. ಅರ್ಧ ಮಾತ್ರ ಮಾತಾಡುತ್ತದೆ.

ಮುರಿದ ಮೂಳೆ ಕೂಡಿಕೊಳ್ಳುತ್ತಿರುವ ಜಾಗದ ಚೂರು, ಮೈಕ್ರೋಸ್ಕೋಪಿನಲ್ಲಿ ಮೂಳೆ ಕ್ಯಾನ್ಸರಿನ ಹಾಗೆ ಕಂಡು ಹೆದರಿಸಬಹುದು. ‘ಮೂರು ವಾರದ ಹಿಂದೆ ಬಿದ್ದಿದ್ದರು’ ಎಂಬ ಒಂದು ಸಾಲು, ಜೊತೆಗೊಂದು ಎಕ್ಸ್‌ರೇ ಇದ್ದರೆ ಕಥೆಯೇ ಬೇರೆ. ರೇಡಿಯೇಷನ್ ಆದ ಜಾಗದ ಜೀವಕೋಶಗಳೂ ವಿಕಾರವಾಗಿ ಕಾಣುತ್ತವೆ. ಗರ್ಭಕೋಶದ ಒಳಪದರ ತಿಂಗಳ ಯಾವ ದಿನ ಎಂಬುದರ ಮೇಲೆ ರೂಪ ಬದಲಿಸುತ್ತದೆ, ಹಾಗಾಗಿ ಕೊನೆಯ ಮುಟ್ಟಿನ ದಿನಾಂಕ ಬೇಕು.

ನೀವು ಮಾಡಬೇಕಾದದ್ದು: ಕಾಗದದಲ್ಲಿ ವಯಸ್ಸು, ಜಾಗ, ಎಷ್ಟು ದಿನದಿಂದ ಇದೆ, ಬೇಗ ಬೆಳೆಯಿತೇ, ಹಿಂದಿನ ಕಾಯಿಲೆ ಮತ್ತು ಚಿಕಿತ್ಸೆ, ಸ್ಕ್ಯಾನ್ ಏನು ಹೇಳಿತು, ಡಾಕ್ಟರ ಅನುಮಾನ ಏನು, ಇವು ಇವೆಯೇ ನೋಡಿ. ಇಲ್ಲದಿದ್ದರೆ ನಾಚಿಕೊಳ್ಳದೆ ಬರೆಸಿಕೊಳ್ಳಿ. ಹಳೆಯ ಬಯಾಪ್ಸಿ ರಿಪೋರ್ಟ್ ಇದ್ದರೆ ಅದರ ಒಂದು ಜೆರಾಕ್ಸ್ ಜೊತೆಗಿಡಿ.

ಹೆಜ್ಜೆ 6: ಲ್ಯಾಬಿನೊಳಗೆ

‘ಚೂರು ಕೊಟ್ಟಾಯಿತು, ನೋಡಿ ಹೇಳಲು ನಾಲ್ಕು ದಿನ ಯಾಕೆ?’ ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ಇಲ್ಲಿದೆ.

ಬಂದ ಕೂಡಲೇ ಬಾಟಲಿಗೊಂದು ನಂಬರ್ ಬೀಳುತ್ತದೆ. ಇನ್ನು ಮುಂದೆ ಚೂರಿನ ಹೆಸರು ಆ ನಂಬರೇ. ಆಮೇಲೆ ಗ್ರಾಸಿಂಗ್. ಅಂದರೆ ಬರಿಗಣ್ಣಿನಲ್ಲಿ ನೋಡಿ, ಅಳೆದು, ಬಣ್ಣ ಮತ್ತು ಗಟ್ಟಿತನ ಬರೆದುಕೊಂಡು, 3–4 ಮಿಲಿಮೀಟರ್ ದಪ್ಪದ ಹೋಳು ಮಾಡಿ ಸಣ್ಣ ಜಾಲರಿ ಡಬ್ಬಿಗೆ ಹಾಕುವುದು. ಕ್ಯಾನ್ಸರ್ ಆಪರೇಷನ್ನಿನ ಅಂಗವಾದರೆ ಹೊರ ಅಂಚಿಗೆ ಶಾಯಿ ಬಳಿಯುತ್ತಾರೆ. ಆ ಶಾಯಿ ಸ್ಲೈಡಿನಲ್ಲೂ ಕಾಣುತ್ತದೆ. ಗಡ್ಡೆ ಶಾಯಿಯನ್ನು ಮುಟ್ಟಿದ್ದರೆ, ಅದು ಅಂಚಿನವರೆಗೂ ಬಂದಿದೆ ಎಂದರ್ಥ. ರೋಗಿಯ ದೇಹದೊಳಗೆ ಇನ್ನೂ ಉಳಿದಿರಬಹುದು.

ರಾತ್ರಿಯಿಡೀ ಯಂತ್ರದ ಕೆಲಸ. ಮೊದಲು ಆಲ್ಕೋಹಾಲ್, ಮೆಲ್ಲಗೆ ಪ್ರಮಾಣ ಏರಿಸುತ್ತಾ ನೀರನ್ನು ಹೊರಗೆಳೆಯಲು. ಆಮೇಲೆ ಕ್ಸೈಲೀನ್, ಆಲ್ಕೋಹಾಲನ್ನು ಹೊರಹಾಕಲು. ಕೊನೆಗೆ ಸುಮಾರು 60 ಡಿಗ್ರಿ ಬಿಸಿಯ ಪ್ಯಾರಾಫಿನ್ ಮೇಣ. ನೀರಿದ್ದ ಜಾಗದಲ್ಲೆಲ್ಲ ಈಗ ಮೇಣ. ಬೆಳಿಗ್ಗೆ ಅದನ್ನು ಅಚ್ಚಿಗೆ ಹಾಕಿ ತಣ್ಣಗಾಗಿಸಿದರೆ ಬ್ಲಾಕ್ ತಯಾರು. ಮೂಳೆಯಾದರೆ ಮೊದಲು ಸುಣ್ಣದ ಅಂಶ ಕರಗಿಸಬೇಕು, ಅದಕ್ಕೇ ದಿನಗಳು ಹಿಡಿಯುತ್ತವೆ.

ಬ್ಲಾಕನ್ನು ಮೈಕ್ರೋಟೋಮ್ ಎಂಬ ಸೀಳುವ ಯಂತ್ರದಲ್ಲಿ 3ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ತೆಳುವಿಗೆ ಸೀಳುತ್ತಾರೆ. ನಿಮ್ಮ ತಲೆಕೂದಲು ಇದರ ಹತ್ತಾರು ಪಟ್ಟು ದಪ್ಪ. ಸೀಳು ರಿಬ್ಬನ್ನಿನ ಹಾಗೆ ಸಾಲಾಗಿ ಬರುತ್ತದೆ. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಸುಕ್ಕು ಬಿಡಿಸಿ ಸ್ಲೈಡಿಗೆ ಎತ್ತಿಕೊಳ್ಳುತ್ತಾರೆ. ಇದು ಕೈಪಳಗಿದವರ ಕೆಲಸ. ಉಸಿರು ಜೋರಾಗಿ ಬಿಟ್ಟರೂ ರಿಬ್ಬನ್ ಹಾರಿಹೋಗುತ್ತದೆ.

ಈಗ ಬಣ್ಣ. ಬಣ್ಣವಿಲ್ಲದ ಸೀಳಿನಲ್ಲಿ ಹೆಚ್ಚೇನೂ ಕಾಣದು. ಹೆಮಟಾಕ್ಸಿಲಿನ್ ಕೋಶಕೇಂದ್ರಕ್ಕೆ ನೀಲಿ ಕೊಡುತ್ತದೆ, ಇಯೋಸಿನ್ ಉಳಿದ ಭಾಗಕ್ಕೆ ಗುಲಾಬಿ. ಹೆಮಟಾಕ್ಸಿಲಿನ್ ಒಂದು ಮರದ ತಿರುಳಿನಿಂದ ಬರುವ ಬಣ್ಣ, ಮಧ್ಯ ಅಮೆರಿಕ ಕಡೆಯ ಮರ. ಇಷ್ಟೆಲ್ಲಾ ಯಂತ್ರ ಬಂದರೂ ಮೊದಲ ನೋಟಕ್ಕೆ ಇವತ್ತೂ ಮರದ ಬಣ್ಣವೇ ಬೇಕು ಎನ್ನುವುದು ನನಗೆ ಖುಷಿ ಕೊಡುವ ಸಂಗತಿ. ಇದರಲ್ಲಿ ಉತ್ತರ ಸಿಗದಿದ್ದರೆ ವಿಶೇಷ ಬಣ್ಣಗಳಿವೆ. ಕ್ಷಯದ ಬ್ಯಾಕ್ಟೀರಿಯಾಗೆ ಜೀಲ್–ನೀಲ್ಸನ್, ಅಂಗಗಳಲ್ಲಿ ಶೇಖರವಾಗುವ ಅಮೈಲಾಯ್ಡ್ ಎಂಬ ಪ್ರೊಟೀನಿಗೆ ಕಾಂಗೋ ರೆಡ್. ಜೀವಕೋಶದ ಮೂಲ ಹುಡುಕಲು ಇಮ್ಯುನೋಹಿಸ್ಟೋಕೆಮಿಸ್ಟ್ರಿ, ಲ್ಯಾಬಿನವರ ಬಾಯಲ್ಲಿ ಐಎಚ್‌ಸಿ. ಇದು ಬೇಕಾದರೆ ಮತ್ತೆ ಕೆಲವು ದಿನ.

ಆಪರೇಷನ್ ನಡೆಯುತ್ತಿರುವಾಗಲೇ ಉತ್ತರ ಬೇಕಾದರೆ ಫ್ರೋಜನ್ ಸೆಕ್ಷನ್ ಇದೆ. ತಾಜಾ ಚೂರನ್ನು ಸುಮಾರು ಮೈನಸ್ 20 ಡಿಗ್ರಿಯಲ್ಲಿ ಸರ್ರನೆ ಗಟ್ಟಿ ಮಾಡಿ ಸೀಳಿದರೆ 20 ನಿಮಿಷದ ಆಸುಪಾಸಿನಲ್ಲಿ ಉತ್ತರ ಸಿಗುತ್ತದೆ. ಹಾಗಾದರೆ ಎಲ್ಲದಕ್ಕೂ ಇದನ್ನೇ ಮಾಡಬಾರದೇ? ಚಿತ್ರ ಅಷ್ಟು ಸ್ಪಷ್ಟ ಇರುವುದಿಲ್ಲ, ಕೊಬ್ಬಿರುವ ಚೂರು ಸರಿಯಾಗಿ ಸೀಳುವುದೂ ಇಲ್ಲ. ಹಾಗಾಗಿ ಆಪರೇಷನ್ ಟೇಬಲ್ಲಿನ ತೀರ್ಮಾನಕ್ಕೆ ಮಾತ್ರ ಇದು. ಕೊನೆಯ ಮಾತು ಮೇಣದ ಬ್ಲಾಕಿನದೇ.

ಹೆಜ್ಜೆ 7: ರಿಪೋರ್ಟ್ ಓದುವಾಗ

ಮೊದಲು ಹೆಸರು, ವಯಸ್ಸು, ಜಾಗ, ಎಡ–ಬಲ ಸರಿ ಇದೆಯೇ ನೋಡಿ. ತಮಾಷೆಯಲ್ಲ. ಆಮೇಲೆ ನೇರ ಕೊನೆಯ ‘ಇಂಪ್ರೆಷನ್’ ಅಥವಾ ‘ಡಯಾಗ್ನೋಸಿಸ್’ ಸಾಲಿಗೆ ಬನ್ನಿ.

ಬಿನೈನ್ ಅಂದರೆ ಕ್ಯಾನ್ಸರ್ ಅಲ್ಲದ್ದು. ಮ್ಯಾಲಿಗ್ನೆಂಟ್ ಅಂದರೆ ಕ್ಯಾನ್ಸರ್. ಡಿಸ್ಪ್ಲೇಸಿಯಾ ಅಂದರೆ ಜೀವಕೋಶಗಳು ಅಡ್ಡದಾರಿ ಹಿಡಿಯುತ್ತಿವೆ, ಇನ್ನೂ ಕ್ಯಾನ್ಸರ್ ಆಗಿಲ್ಲ. ಇನ್ ಸಿಟು ಅಂದರೆ ನೋಡಲು ಕ್ಯಾನ್ಸರಿನ ಹಾಗೇ ಇದ್ದರೂ ಕೆಳಗಿನ ತೆಳು ಪೊರೆ ದಾಟಿಲ್ಲ. ‘ಗ್ರೇಡ್’ ಮತ್ತು ‘ಸ್ಟೇಜ್’ ಒಂದೇ ಅಲ್ಲ. ಜೀವಕೋಶ ಎಷ್ಟು ಕೆಟ್ಟ ಸ್ವಭಾವದ್ದು ಎನ್ನುವುದು ಗ್ರೇಡ್, ಕಾಯಿಲೆ ಎಷ್ಟು ದೂರ ಹೋಗಿದೆ ಎನ್ನುವುದು ಸ್ಟೇಜ್. ‘ಗ್ರೇಡ್ 3’ ಎಂದು ಓದಿ ‘ಮೂರನೇ ಸ್ಟೇಜ್’ ಎಂದು ಕುಸಿದು ಕೂತವರನ್ನು ಕಂಡಿದ್ದೇನೆ.

‘ಇನ್‌ಅಡಿಕ್ವೇಟ್’ ಎಂಬ ಪದವನ್ನು ಗಮನಿಸಿ. ಅದು ನಾರ್ಮಲ್ ಅಲ್ಲ. ನೋಡಿ ಹೇಳುವಷ್ಟು ಚೂರು ಸಿಗಲಿಲ್ಲ ಎಂದರ್ಥ. ಮತ್ತೆ ಮಾಡಿಸಬೇಕೇ ಎಂದು ಡಾಕ್ಟರನ್ನು ಕೇಳಲೇಬೇಕು. ‘ಕ್ಯಾನ್ಸರ್ ಜೀವಕೋಶ ಕಂಡಿಲ್ಲ’ ಎಂದಿದ್ದರೂ ಅದು ಆ ಚೂರಿನ ಮಟ್ಟಿಗೆ ಮಾತ್ರ. ಸ್ಕ್ಯಾನ್ ಜೋರಾಗಿ ಅನುಮಾನ ಪಡುತ್ತಿದೆ, ಕೈಗೆ ಗಂಟು ಗಟ್ಟಿಯಾಗಿ ಸಿಗುತ್ತಿದೆ, ಬಯಾಪ್ಸಿ ಮಾತ್ರ ಏನೂ ಇಲ್ಲ ಎನ್ನುತ್ತಿದೆ ಅಂದರೆ ಸೂಜಿ ಪಕ್ಕಕ್ಕೆ ಹೋಗಿರಬಹುದು. ಮೂರೂ ಒಂದೇ ಮಾತು ಹೇಳದಿದ್ದರೆ ಇನ್ನೊಮ್ಮೆ ಚೂರು ತೆಗೆಯುವುದು ಸರಿಯಾದ ದಾರಿ. ‘ಸಜೆಸ್ಟಿವ್ ಆಫ್’ ಎಂದಿದ್ದರೆ ಪೆಥಾಲಜಿಸ್ಟರು ಆ ಕಡೆ ವಾಲಿದ್ದಾರೆ, ಆದರೆ ಸಹಿ ಹಾಕಿ ಖಚಿತ ಎನ್ನುವಷ್ಟು ಅಲ್ಲ.

ಹೆಜ್ಜೆ 8: ಎರಡನೇ ಅಭಿಪ್ರಾಯ ಬೇಕಾದರೆ

ರಿಪೋರ್ಟಿನ ಕಾಗದ ಮಾತ್ರ ತೆಗೆದುಕೊಂಡು ಹೋದರೆ ಇನ್ನೊಬ್ಬ ಪೆಥಾಲಜಿಸ್ಟರಿಗೆ ನೋಡಲು ಏನೂ ಇರುವುದಿಲ್ಲ. ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಕೇಳಿ. ಸ್ಲೈಡಿನಲ್ಲಿ ನೋಡಬಹುದು, ಬ್ಲಾಕಿನಿಂದ ಹೊಸ ಸೀಳು ತೆಗೆದು ಐಎಚ್‌ಸಿ ಮಾಡಬಹುದು. ಲ್ಯಾಬುಗಳು ಬ್ಲಾಕನ್ನು ವರ್ಷಗಟ್ಟಲೆ ಇಟ್ಟಿರುತ್ತವೆ, ರಿಪೋರ್ಟಿನ ಮೇಲಿರುವ ನಂಬರ್ ಹೇಳಿದರೆ ಸಾಕು. ಒಂದು ಅರ್ಜಿ ಬರೆಸಿಕೊಂಡು ಕೊಡುತ್ತಾರೆ. ಎಷ್ಟು ಸ್ಲೈಡ್, ಎಷ್ಟು ಬ್ಲಾಕ್ ಎಂದು ಅವರೆದುರೇ ಎಣಿಸಿಕೊಳ್ಳಿ. ಸ್ಲೈಡ್ ಗಾಜಿನದು, ಗಟ್ಟಿ ಡಬ್ಬಿಯಲ್ಲಿಡಿ. ಬ್ಲಾಕ್ ಮೇಣದ್ದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬೇಡಿ, ಕೆಲಸ ಮುಗಿದ ಮೇಲೆ ಮೊದಲಿನ ಲ್ಯಾಬಿಗೇ ತಂದು ಕೊಡಿ. ಮುಂದೆಂದಾದರೂ ಹೊಸ ಪರೀಕ್ಷೆ ಬೇಕಾದಾಗ ಹುಡುಕುವುದು ಅದೇ ಕಪಾಟಿನಲ್ಲಿ.